ಶಿಗ್ಲಿ ಕಡೆಯ ಗೌಡರ ಬಂದೂಕು

ಮೂವತ್ತು ವರ್ಷಕ್ಕೂ ಮೇಲೆ ನಾನು ಬೇರೆಯವರ ಬಂದೂಕಿನ ಬಾಯೊಳಗೆ ಇಣುಕಿ ಹೊಟ್ಟೆ ಹೊರೆದವನು. ಗದಗಿನಲ್ಲಿ ಸರಕಾರದ ಪರವಾನಗಿ ಇದ್ದ ಬಂದೂಕಿನ ಅಂಗಡಿಯೊಂದರಲ್ಲಿ ನೌಕರಿ. ಯಾರಾದರೂ ಹಳೆಯ ಬಂದೂಕು ಮಾರಲು ತಂದರೆ ಅದನ್ನು ಬಿಚ್ಚಿ, ಒರೆಸಿ, ಅಳೆದು, ಇದು ಇಷ್ಟು ದಿನ ಹೇಗೆ ಬಾಳಿದೆ, ಇನ್ನು ಎಷ್ಟು ಬಾಳೀತು ಎಂದು ಬರೆದುಕೊಡುವುದು ನನ್ನ ಕೆಲಸ. ಈಗ ಈ ಕಸುಬಿಗೆ ಬರುವ ಹುಡುಗರು ಆಗಾಗ ಮನೆಗೆ ಬಂದು, "ಕಾಕಾ, ಹೆಂಗ ನೋಡಬೇಕ್ರಿ?" ಎಂದು ಕೇಳುತ್ತಾರೆ. ಕೇಳುವಾಗಲೂ ಅವರ ಕಣ್ಣು ಮೊಬೈಲಿನಲ್ಲೇ ಇರುತ್ತದೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಪಗಾರ ಯಾವಾಗ ಏರಿತು, ಯಾವಾಗ ಏರಲಿಲ್ಲ ಎಂಬುದನ್ನು ಬಿಟ್ಟಿದ್ದೇನೆ. ಬರೆಯಹೊರಟರೆ ಏರದ ವರ್ಷಗಳೇ ಪುಸ್ತಕವಾಗುತ್ತವೆ.

ನಾನು ಬೆಟಗೇರಿಯ ಮಗ್ಗದ ಮನೆಯವನು. ಬೆಳಿಗ್ಗೆ ಕಾಲೇಜು, ಬಂದ ಕೂಡಲೇ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವುದು, ಹೀಗೆ ಬಿ.ಎಸ್ಸಿ. ಮುಗಿಸಿದೆ. ನಮ್ಮ ವಂಶದಲ್ಲಿ ಪದವಿ ಎಂಬುದನ್ನು ಮೊದಲು ಕಂಡವನು ನಾನೇ. ಈ ಮಾತನ್ನು ನಾನು ಇಂದಿಗೂ ಸಂಕೋಚವಿಲ್ಲದೆ ಹೇಳುತ್ತೇನೆ. ಹೇಳಬಾರದು ಎಂದವರೆಲ್ಲ ಅಪ್ಪನ ಖರ್ಚಿನಲ್ಲಿ ಆರಾಮಾಗಿ ಓದಿದವರು. ಮಾಸ್ತರಿಕೆ ಸಿಗಲಿಲ್ಲ, ಬ್ಯಾಂಕು ಕರೆಯಲಿಲ್ಲ. ಬಂದೂಕಿನ ಅಂಗಡಿಯ ಮಾಲಕರು ಕರೆದರು. ಅಪ್ಪ ಮಗ್ಗದ ಕುಣಿಯಲ್ಲಿ ಕೂತಿದ್ದವನು ತಲೆ ಎತ್ತದೆ, "ಹದಿನೈದ ವರ್ಷ ಓದಿ ಕೊಳವಿ ಒರಸಾಕ ಹೊಂಟಿ. ಒರಸು. ಇಲ್ಲಿ ಒರಸಿದ್ರ ಪಗಾರ ಇಲ್ಲ, ಅಲ್ಲೆರ ಐತಿ" ಎಂದ. ಆಶೀರ್ವಾದ ಅಂದರೆ ಅದೇ ಎಂದುಕೊಂಡು ಹೊರಟೆ.

ಮಾಲಕರ ಹೆಸರು ಅಂದಾನೆಪ್ಪನವರು. ಧೋತರ, ಕರಿ ಟೊಪ್ಪಿಗೆ, ಕಿವಿಯ ಮೇಲೊಂದು ಪೆನ್ಸಿಲ್ಲು. ಓದಿದ್ದು ಕಡಿಮೆ, ನಾನು ಓದಿದ್ದರ ಬಗ್ಗೆ ಮಾತ್ರ ಅವರಿಗೆ ಬಹಳ ಹೆಮ್ಮೆ. ಎಷ್ಟೆಂದರೆ, ಇದ್ದಷ್ಟು ದಿನ ಅವರು ನನ್ನ ಹೆಸರು ಹಿಡಿದು ಕರೆಯಲೇ ಇಲ್ಲ. "ಏ ಬಿಎಸ್ಸಿ, ಕಸಬರಿಗಿ ಎಲ್ಲೈತಿ?" "ಬಿಎಸ್ಸಿ, ಗಿರಾಕಿಗೆ ನೀರು ಕೊಡು." ಮೊದಲ ವಾರ ಅವಮಾನವೆನಿಸಿತು. ಆಮೇಲೆ ನೋಡಿದರೆ ಊರೆಲ್ಲ ಹಾಗೇ ಕರೆಯತೊಡಗಿತು. ನನ್ನ ಹೆಂಡತಿಯನ್ನು ಸಂತೆಯಲ್ಲಿ 'ಬಿಎಸ್ಸಿ ಅವರ ಮನಿಯವರು' ಎನ್ನುತ್ತಿದ್ದರು. ಸರ್ಟಿಫಿಕೇಟಿಗೆ ಇದಕ್ಕಿಂತ ಒಳ್ಳೆಯ ಕಟ್ಟು ಯಾರು ಹಾಕಿಸಿಯಾರು?

ಸೇರಿದ ಹೊಸದರಲ್ಲಿ ನಾನು ಕೂದಲೆಳೆಯನ್ನೂ ಅಳೆಯುವ ಉಕ್ಕಿನ ಪಟ್ಟಿ ತಂದು, ಒಂದು ಬಂದೂಕಿನ ಮೇಲೆ ನಾಲ್ಕು ಪುಟ ವರದಿ ಬರೆದೆ. ಅಂದಾನೆಪ್ಪನವರು ಪೂರ್ತಿ ಓದಿದರು. ತಲೆದೂಗಿದರು. ಸಂಜೆಗೆ ಮಿರ್ಚಿ ತರಿಸಿದಾಗ ಎಣ್ಣೆ ಹೀರಲು ಕೆಳಗೆ ಹಾಸಿದ ಕಾಗದದ ಮೇಲೆ ನನ್ನ ಅಕ್ಷರ ಕಂಡಿತು. "ಚಲೋ ಬರದೀದಿ, ಎಣ್ಣಿ ಒಂದ ಹನಿ ಕೆಳಗ ಬಿಡಲಿಲ್ಲ" ಎಂದರು. ಅಂದಿನಿಂದ ಅರ್ಧ ಪುಟಕ್ಕಿಂತ ಹೆಚ್ಚು ಬರೆದವನಲ್ಲ.

ನೋಡುವ ವಿದ್ಯೆ ಅವರೇ ಕಲಿಸಿದರು. ನಳಿಗೆಗಳನ್ನು ಕಳಚಿ ಒಂದು ಬೆರಳಿಗೆ ತೂಗುಹಾಕಿ ಗೆಣ್ಣಿನಿಂದ ಬಡಿಯಬೇಕು. ಹಿತ್ತಾಳೆ ಗಂಟೆಯ ಹಾಗೆ ನಾದ ಬಂದರೆ ಬೆಸುಗೆ ಗಟ್ಟಿ, ಒಡೆದ ಬಿಂದಿಗೆಯ ಹಾಗೆ ಗೊರಗೊರ ಎಂದರೆ ಒಳಗೆಲ್ಲೋ ಬಿಟ್ಟಿದೆ. ಬಂದೂಕನ್ನು ಮಡಚಿ ಮುಚ್ಚುವ ಜಾಗದಲ್ಲಿ ಬೀಡಿಯ ಕಾಗದದಷ್ಟು ತೆಳ್ಳಗಿನ ಚೂರು ಇಟ್ಟು ಮುಚ್ಚಬೇಕು. ಎಳೆದರೆ ಹರಿಯಬೇಕು, ಜಾರಿ ಬಂದರೆ ಬಂದೂಕು ಸಡಿಲ. ಒಳಗೆ ಬೆಳಕಿನ ಉಂಗುರಗಳು ದುಂಡಗೆ ಕಾಣಬೇಕು. ಎಲ್ಲಾದರೂ ಉಂಗುರ ಸೊಟ್ಟಗಾದರೆ ಅಲ್ಲಿ ತಗ್ಗಿದೆ ಎಂದರ್ಥ. ಈಗ ಇದಕ್ಕೆಲ್ಲ ಯಂತ್ರ ಬಂದಿವೆ, ಒಳ್ಳೆಯ ಯಂತ್ರಗಳು. ಆದರೆ ಕನ್ಯೆ ನೋಡಿದ ಹಾಗೆ ಮೊಬೈಲಿನ ಫೋಟೋ ನೋಡಿ ಬಂದೂಕಿನ ಬೆಲೆ ಹೇಳುವ ಹೊಸ ಚಾಳಿ ಇದೆಯಲ್ಲ, ಅದು ಬೇಡ. ಫೋಟೋಕ್ಕೆ ವಾಸನೆ ಇಲ್ಲ.

ವಾಸನೆಯ ಮಾತು ಬಂತು, ಡಂಬಳದ ಕಥೆ ಹೇಳಿಬಿಡುತ್ತೇನೆ. ನಮ್ಮ ಕಡೆ ಜೋಡುನಳಿಗೆ ಬಂದೂಕು ಎಂದರೆ ಎರಡು ನಳಿಗೆ ಅಕ್ಕಪಕ್ಕ ಇರುವುದೇ ಹೆಚ್ಚು. ಒಂದರ ಮೇಲೊಂದು ನಳಿಗೆ ಇರುವುದು ಅಪರೂಪ. ಅದಕ್ಕೆ ಅಂದಾನೆಪ್ಪನವರು ಇಟ್ಟ ಹೆಸರು 'ಮಾಳಿಗಿ ಬಂದೂಕು', ಮಾಳಿಗೆ ಮನೆಯ ಹಾಗೆ ಮೇಲೊಂದು ಕೆಳಗೊಂದು ಎಂದು. ಡಂಬಳದಿಂದ ತಾಯಿ ಮಗ ಇಬ್ಬರು ಅಂಥದೊಂದನ್ನು ತಂದರು. ನಾನು ಒರೆಸುವ ಕಡ್ಡಿಯನ್ನು ಕೆಳಗಿನ ನಳಿಗೆಗೆ ತೂರಿದರೆ ನಡುವೆ ನಿಂತಿತು. ಮೇಲಿನದರಲ್ಲೂ ನಿಂತಿತು. ಜೋರಾಗಿ ನೂಕಿದಾಗ ಕರ್ರಗಿನ ಗಟ್ಟಿಯೊಂದು ಇರುವೆ ಸಮೇತ ಮೇಜಿನ ಮೇಲೆ ಬಿತ್ತು. ಮೂಸಿದೆ. ಬೆಲ್ಲ, ಏಲಕ್ಕಿ.

"ಏನು ತುಂಬೀರಿ ಇದರಾಗ?"

ತಾಯಿ ಸಹಜವಾಗಿ ಹೇಳಿದಳು: "ಮಾನೌಮಿಗೆ ಹೋಳಿಗಿ ನೈವೇದ್ಯ ಕೊಟ್ಟಿದ್ವಿ. ಎರಡು ಬಾಯಿ ಅದಾವಲ್ಲಪಾ, ಒಂದಕ್ಕ ಕೊಟ್ಟು ಒಂದಕ್ಕ ಬಿಟ್ರ ಹೆಂಗ?"

ಅಂದಾನೆಪ್ಪನವರು ಒಂದಿಷ್ಟೂ ನಗಲಿಲ್ಲ. "ಚಲೋ ಮಾಡಿದಿ ಯವ್ವಾ. ತುಪ್ಪಾನೂ ಹಾಕಿದ್ದೇನು?"

"ತುಪ್ಪ ಇಲ್ಲದ ಹೋಳಿಗಿ ಯಾರರ ಕೊಡ್ತಾರೇನ್ರಿ?"

ಅದನ್ನು ಹಾಗೇ ಹಾರಿಸಿದ್ದರೆ ನಳಿಗೆ ಸಿಡಿದು ಮಗನ ಕೈ ಹೋಗುತ್ತಿತ್ತು. ಅಂದಿನಿಂದ ನಾನು ಯಾವ ಬಂದೂಕು ಬಂದರೂ ಮೊದಲು ಕೇಳುತ್ತಿದ್ದ ಪ್ರಶ್ನೆ ಇದು: ನಿಮ್ಮ ಮನೆಯಲ್ಲಿ ಆಯುಧಪೂಜೆ ಹೇಗೆ ಮಾಡುತ್ತೀರಿ? ಕೆಲವರು ವಿಭೂತಿ ಹಚ್ಚುತ್ತಾರೆ, ಕೆಲವರು ಕುಂಕುಮ, ಕೆಲವರು ನಿಂಬೆಹಣ್ಣು ಹಿಂಡುತ್ತಾರೆ. ಪ್ರತಿಯೊಂದೂ ಕಬ್ಬಿಣದ ಮೇಲೆ, ಕಟ್ಟಿಗೆಯ ಮೇಲೆ ತನ್ನದೇ ಗುರುತು ಬಿಡುತ್ತದೆ. ಈ ಪ್ರಶ್ನೆ ನನಗೆ ಮುಂದೆ ಹೇಗೆ ಉಪಯೋಗಕ್ಕೆ ಬಂತು ಎಂಬುದನ್ನೇ ಹೇಳಹೊರಟಿದ್ದೇನೆ.

ಅದಕ್ಕೂ ಮೊದಲು ಒಂದು ಮಾತು. ಬಂದೂಕು ತರುವವರು ಬಂದೂಕಿನ ಜೊತೆ ಒಂದು ಹುಲಿಯನ್ನೂ ತರುತ್ತಾರೆ. ನಮ್ಮ ಅಂಗಡಿಗೆ ಬಂದ ಬಂದೂಕುಗಳು ಹೊಡೆದಷ್ಟು ಹುಲಿ ಕಪ್ಪತಗುಡ್ಡದಲ್ಲಿ ಖರೆಯೇ ಇದ್ದಿದ್ದರೆ ಮುಂಡರಗಿಯ ಸಂತೆಗೆ ಒಬ್ಬರೂ ಜೀವಸಹಿತ ತಲುಪುತ್ತಿರಲಿಲ್ಲ. ಒಬ್ಬ ಶಿರಹಟ್ಟಿಯಿಂದ ಬಂದು, ಇದರಿಂದ ನಮ್ಮಜ್ಜ ಹುಲಿ ಹೊಡೆದಿದ್ದ ಎಂದ. ನಳಿಗೆಯ ಮೇಲಿನ ಮುದ್ರೆ ನೋಡಿದರೆ ಅಜ್ಜ ತೀರಿಕೊಂಡ ಮೇಲೆ ತಯಾರಾದ ಬಂದೂಕು ಅದು. ನಾನು ಬಾಯಿ ತೆರೆದೆ. ಅಂದಾನೆಪ್ಪನವರು ಅಂಗಡಿ ನಡುಗುವಂತೆ, "ಬಿಎಸ್ಸಿ, ಚಹಾ ಹೇಳು!" ಎಂದರು. ಹೇಳಿ ಬಂದೆ. ಗಿರಾಕಿ ಹೋದ ಮೇಲೆ ನನ್ನನ್ನು ಎದುರಿಗೆ ಕೂರಿಸಿಕೊಂಡರು.

"ನಾವು ಏನು ಕೊಳ್ಳಾಕತ್ತೀವಿ?"

"ಬಂದೂಕ್ರಿ."

"ಅವನ ಅಜ್ಜನ್ನ ಕೊಳ್ಳಾಕತ್ತೀವೇನು?"

"ಇಲ್ರಿ."

"ಮತ್ತ ಅಜ್ಜನ್ನ ಅವನ ಕಡೇನ ಬಿಡು."

ಅಂದಿನಿಂದ 'ಚಹಾ ಹೇಳು' ಎಂದರೆ ನನಗೆ ಅರ್ಥ ಒಂದೇ: ಬಾಯಿ ಮುಚ್ಚು.

ಈಗ ಶಿಗ್ಲಿ ಕಡೆಗೆ ಬರೋಣ. ನಾನು ನಿವೃತ್ತನಾಗುವುದಕ್ಕೆ ಕೆಲವೇ ವರ್ಷ ಮೊದಲಿನ ಮಾತು. ಶಿಗ್ಲಿ ಹತ್ತಿರದ ಹಳ್ಳಿಯೊಂದರ ಚನ್ನಬಸನಗೌಡರು ತೀರಿಕೊಂಡಿದ್ದರು. ಪರವಾನಗಿದಾರರು ಹೋದ ಮೇಲೆ ಬಂದೂಕು ಮನೆಯಲ್ಲಿ ಇಡುವಂತಿಲ್ಲವಾದ್ದರಿಂದ ಅದು ನಮ್ಮ ಅಂಗಡಿಯ ಕಪಾಟಿನಲ್ಲಿತ್ತು. ಮಾಳಿಗಿ ಬಂದೂಕು, ಬೆಲ್ಜಿಯಂದು. ಲಕ್ಷ್ಮೇಶ್ವರದಿಂದ ಈಚೆಗೆ ಆ ಬಂದೂಕನ್ನು ಅರಿಯದವರಿಲ್ಲ. ಬೇಟೆಗೆ ಇನ್ನೂ ಕಾಯ್ದೆ ಅಡ್ಡ ಬರದಿದ್ದ ಕಾಲದಲ್ಲಿ, ಗೌಡರು ಹರೆಯದವರಿದ್ದಾಗ, ದನದ ಕೊಟ್ಟಿಗೆಗೆ ನುಗ್ಗಿದ ಚಿರತೆಯನ್ನು ಅದರಿಂದಲೇ ಹೊಡೆದಿದ್ದರು. ಈ ಚಿರತೆ ಮಾತ್ರ ಸುಳ್ಳಲ್ಲ. ಅದರ ಹೆಣವನ್ನು ಚಕ್ಕಡಿಯಲ್ಲಿ ಹಾಕಿ ಮೆರೆಸಿದ್ದನ್ನು ನೋಡಿದವರು ಬೇಕಾದಷ್ಟು ಜನ ಇದ್ದರು.

ಗೌಡರ ಮಗ ಶಂಕ್ರಗೌಡ ಅದನ್ನು ಮಾರಲು ಬಂದಿದ್ದ. "ನಮ್ಮ ಮನ್ಯಾಗ ಇದು ಯಾರಿಗೂ ಬ್ಯಾಡಾಗೈತ್ರಿ. ನನಗರ ದೀಪಾವಳಿ ಪಟಾಕಿ ಕೇಳಿದ್ರ ಎದಿ ಹಾರತೈತಿ" ಎಂದ. ಚಿರತೆ ಹೊಡೆದವರ ಮಗ ಹೀಗೆ ಹೇಳಿದ್ದಕ್ಕೆ ನಾನು ನಗಲಿಲ್ಲ, ಪ್ರಾಮಾಣಿಕ ಮನುಷ್ಯ. ಅವನ ಜೊತೆ ಕೊಳ್ಳುವವನೂ ಬಂದಿದ್ದ. ಮುಂಡರಗಿಯ ಗುತ್ತಿಗೆದಾರ ಪರಸಪ್ಪ, ಸಿಂಗಟಾಲೂರು ಕಡೆ ತೋಟ ಮಾಡಿದವನು, ಬೆರಳಿಗೊಂದು ಉಂಗುರ.

"ರೊಕ್ಕದ ಮಾತು ಆಮ್ಯಾಲ" ಎಂದ ಪರಸಪ್ಪ. "ಚಿರತಿ ಹೊಡದ ಬಂದೂಕು ಇದ, ಹೊಡದವರು ಗೌಡ್ರ ಅಂತ ನಿಮ್ಮ ಅಂಗಡಿ ಕಾಗದದ ಮ್ಯಾಲ ಬರದು ಕೊಡ್ರಿ. ನಾ ಬರೇ ಗ್ವಾಡಿಗೆ ತೂಗಬಿಡಾಂವ ಅಲ್ರಿ ಮತ್ತ. ತ್ವಾಟದಾಗ ಹಂದಿ ಓಡಸಾಕ ನಾ ಸ್ವತಾ ಹಾರಸಾಂವ. ಹಾರಿಸಿದಾಗ ನಾಕು ಮಂದಿ, ಚಿರತಿ ಬಂದೂಕು ಬಂತು ಅನಬೇಕು."

ಅವರಿಬ್ಬರ ಹಿಂದೆ ಮೂರನೆಯವರಾಗಿ ಒಳಬಂದವರು ಗೌಡರ ಹೆಂಡತಿ ನಿಂಬೆವ್ವ ಗೌಡಸಾನಿ. ಎಪ್ಪತ್ತು ದಾಟಿದ ಜೀವ, ಗಿಡ್ಡ ಆಳು, ಹಣೆಯ ತುಂಬ ವಿಭೂತಿ, ಸೊಂಟದಲ್ಲಿ ಎಲೆಅಡಿಕೆಯ ಸಂಚಿ. ಕಣ್ಣಿಗೆ ಪೊರೆ ಬಂದಿದೆ, ಗದಗಿನ ಡಾಕ್ಟರಿಗೆ ತೋರಿಸಬೇಕೆಂದು ಮಗನ ಬೆನ್ನು ಹತ್ತಿ ಬಂದಿದ್ದರಂತೆ. ಅಂದಾನೆಪ್ಪನವರು ಎದ್ದು ಬೆಂಚು ತೋರಿಸಿ, ಎಲೆಯ ತಟ್ಟೆ ಚಾಚಿದರು. ಗೌಡಸಾನಿಯವರ ಎಡಗೈ ಮುಂದೆ ಬಂತು, ಥಟ್ಟನೆ ಹಿಂದೆ ಸರಿಯಿತು, ಆಮೇಲೆ ಬಲಗೈ ಬಂತು. ಚಿಕ್ಕಂದಿನಲ್ಲಿ ಎಡಗೈಗೆ ಪೆಟ್ಟು ತಿಂದವರ ಕೈ ಮುದಿತನದಲ್ಲೂ ಹೀಗೇ ಹೆದರುತ್ತದೆ. ನೋಡಿದೆ, ಮರೆತೆ.

"ನೋಡಾಕ ತಾಸು ಬೇಕ್ರಿ" ಎಂದೆ. ಶಂಕ್ರಗೌಡನೂ ಪರಸಪ್ಪನೂ ಊಟಕ್ಕೆ ಹೋದರು. ಡಾಕ್ಟರ ಪಾಳಿ ಮಧ್ಯಾಹ್ನದ ಮೇಲೆ ಎಂದು ಗೌಡಸಾನಿ ಬೆಂಚಿನ ಮೇಲೇ ಉಳಿದರು. ನಾನು ಬಂದೂಕು ಬಿಚ್ಚಿ ಮೇಜಿನ ಮೇಲೆ ಹರಡಿದೆ. ಪೊರೆ ಬಂದ ಕಣ್ಣು ನನ್ನ ಕೈಯನ್ನು ಬಿಡಲೇ ಇಲ್ಲ.

ನಳಿಗೆ ಬಡಿದೆ, ಗುಡಿಯ ಗಂಟೆ. ಕಾಗದ ಇಟ್ಟು ಎಳೆದೆ, ಹರಿಯಿತು. ಕೆಳಗಿನ ನಳಿಗೆ ಬಹಳ ಕೆಲಸ ಮಾಡಿತ್ತು, ಮೇಲಿನದು ಅಷ್ಟಿಲ್ಲ. ಮೊದಲ ಗುಂಡು ಕೆಳಗಿನಿಂದ ಹಾರುತ್ತದೆ. ಮೊದಲ ಗುಂಡೇ ತಾಗುವವರಿಗೆ ಮೇಲಿನ ನಳಿಗೆಯ ಕೆಲಸ ಬೀಳುವುದು ಕಡಿಮೆ. ಒಳ್ಳೆಯ ಗುರಿಕಾರರು ಎಂದುಕೊಂಡೆ. ಆಮೇಲೆ ಭುಜಕ್ಕೆ ಆನಿಸುವ ಮರದ ಹಿಡಿಯನ್ನು ಕೈಗೆತ್ತಿಕೊಂಡೆ. ತುದಿಯನ್ನು ಎರಡು ಬೆರಳಷ್ಟು ಕೊಯ್ದಿದ್ದರು. ಕೊಯ್ದವನು ಪಳಗಿದ ಬಡಿಗೇರ. ಅಂಚು ಉಜ್ಜಿ, ಎಣ್ಣೆ ಕುಡಿಸಿ, ಮೊದಲೇ ಹೀಗಿತ್ತೇನೋ ಎನ್ನುವಂತೆ ಮಾಡಿದ್ದ. ಕೆನ್ನೆ ತಾಗುವ ಕಡೆಯನ್ನೂ ಕೆತ್ತಿ ಹದ ಮಾಡಿದ್ದ. ಆದರೆ ಬಲಬದಿಯಲ್ಲಿ.

ಓದುವವರು ಒಮ್ಮೆ ಕೋಲು ಹಿಡಿದು ನೋಡಿ. ಬಲಗೈಯವರು ಬಂದೂಕು ಹಿಡಿದರೆ ಅವರ ಬಲಗೆನ್ನೆ ಹಿಡಿಯ ಎಡಬದಿಗೆ ತಾಗುತ್ತದೆ. ಹಿಡಿಯ ಬಲಬದಿಗೆ ತಾಗುವುದು ಎಡಗೈಯವರ ಎಡಗೆನ್ನೆ. ಈ ಬಂದೂಕಿನ ಬಲಬದಿಯಲ್ಲಿ, ಕೆನ್ನೆಯಷ್ಟೇ ಅಗಲಕ್ಕೆ, ಮರದೊಳಕ್ಕೆ ಇಳಿದ ಹಳದಿ ಕಲೆಯೊಂದಿತ್ತು.

"ಏನಪಾ, ಅಷ್ಟೊತ್ತು ಏನ ನೋಡಾಕತ್ತಿ?" ಗೌಡಸಾನಿ ಕೇಳಿದರು.

"ಹಳದಿ ಕಲಿ ಐತ್ರಿ."

"ಪೂಜಿ ಮಾಡಿದ್ದಿರಬೇಕು, ಬಿಡು."

"ನಿಮ್ಮ ಮನ್ಯಾಗ ಆಯುಧಪೂಜಿಗೆ ಅರಿಷಿನ ಹಚ್ತೀರೇನ್ರಿ?"

"ಇಲ್ಲ, ವಿಭೂತಿ" ಎಂದವರೇ ನಾಲಿಗೆ ಕಚ್ಚಿಕೊಂಡರು.

"ಅವ್ವಾರ, ನಿಮ್ಮ ಸಂಚ್ಯಾಗ ಸುಣ್ಣ ಐತೇನ್ರಿ?"

"ತೀರೈತಿ."

ಸುಣ್ಣದ ಡಬ್ಬಿ ಸಂಚಿಯ ಬಾಯಿಂದ ನನ್ನನ್ನೇ ನೋಡುತ್ತಿತ್ತು. ನಾನೂ ಅದನ್ನೇ ನೋಡುತ್ತ ಕೂತೆ. ಕೊನೆಗೆ ಗೌಡಸಾನಿ ಡಬ್ಬಿ ತೆಗೆದುಕೊಟ್ಟರು, ಈ ಸಲ ಹೆದರದೆ ಎಡಗೈಯಿಂದಲೇ. ಕಲೆಯ ಒಂದು ಮೂಲೆಗೆ ಬೆರಳ ತುದಿಯಿಂದ ಸುಣ್ಣ ಸವರಿದೆ. ಹಳದಿ ನಿಧಾನವಾಗಿ ಕೆಂಪಾಯಿತು. ಅರಿಷಿನವೇ. ದಿನಾ ಮುಖಕ್ಕೆ ಅರಿಷಿನ ಹಚ್ಚಿಕೊಳ್ಳುತ್ತಿದ್ದ, ಗಿಡ್ಡ ಆಳಿನ, ಎಡಗೈಯವರೊಬ್ಬರು ಈ ಬಂದೂಕನ್ನು ವರ್ಷಗಟ್ಟಲೆ ಕೆನ್ನೆಗೊತ್ತಿ ಹಿಡಿದಿದ್ದರು.

ತಲೆ ಎತ್ತಿದೆ. ಅವರು ಎಲೆಗೆ ಅಡಿಕೆ ಇಡುತ್ತಿದ್ದರು.

"ಬಿಎಸ್ಸ್ಯಾಗ ಇದನ್ನೂ ಕಲಸ್ತಾರೇನು?"

"ಇಲ್ರಿ, ಅರಿಷಿನಕ್ಕ ಸುಣ್ಣ ಕೂಡಿಸೂದು ನಮ್ಮವ್ವ ಓಕಳಿ ಮಾಡೂ ಮುಂದ ಕಲಿಸಿದ್ದು."

"ಹಂಗ ಅನ್ನು. ಓದಿದವರು ಇದನ್ನೆಲ್ಲ ನೋಡೂದಿಲ್ಲ ಅಂತ ಧೈರ್ಯದಿಂದ ಇದ್ದೆ." ಎಲೆ ಬಾಯಿಗೆ ಹೋಯಿತು. ಆಮೇಲೆ ದನಿ ತಗ್ಗಿತು. "ನೋಡಪಾ. ಅದು ಮನಿ ಬಿಟ್ಟು ಹೋಗಬಾರದು. ಅವರ ಹೆಸರಿಗೂ ಧಕ್ಕಿ ಬರಬಾರದು. ಮಾರಬ್ಯಾಡ ಅಂದ್ರ ಶಂಕ್ರ ಯಾಕ ಅಂತಾನ. ಯಾಕ ಅನ್ನೂದು ಹೇಳಿದ್ರ ಅವರ ಹೆಸರು ಹೋಗತೈತಿ. ಎರಡೂ ಉಳಿಯೂಹಂಗ ಬರಿ."

"ಅವ್ವಾರ, ನಾ ಸುಳ್ಳ ಬರಿಯಾಂವ ಅಲ್ರಿ."

"ಸುಳ್ಳ ಬರಿ ಅಂತ ಯಾರಂದ್ರು? ಇಷ್ಟು ಓದೀದಿ. ಖರೆ ಬರದು ಪಾರಾಗೂದು ಬರೂದಿಲ್ಲೇನು?"

ವಿಶ್ವವಿದ್ಯಾಲಯದ ಯಾವ ಪರೀಕ್ಷೆಯಲ್ಲೂ ನನಗೆ ಇಂಥ ಪ್ರಶ್ನೆ ಬಂದಿರಲಿಲ್ಲ. ಅಂದಾನೆಪ್ಪನವರ ಕಡೆ ನೋಡಿದೆ. ಅವರು ಪೇಪರು ಓದುತ್ತಿದ್ದರು, ತಲೆಕೆಳಗಾಗಿ ಹಿಡಿದುಕೊಂಡು.

ಊಟ ಮುಗಿಸಿ ಇಬ್ಬರೂ ಬಂದರು. ಚಹಾ ಬಂತು. ನಾನು ಬಂದೂಕು ಜೋಡಿಸಿ, ಎರಡೂ ನಳಿಗೆ ಖಾಲಿ ಇರುವುದನ್ನು ತೋರಿಸಿ, ಪರಸಪ್ಪನ ಕೈಗೆ ಕೊಟ್ಟೆ.

"ಒಮ್ಮೆ ಭುಜಕ್ಕ ಹಚ್ಚಿ ನೋಡ್ರಿ, ಸಾಹುಕಾರ್ರ."

ಅವನು ಎದೆ ಸೆಟೆಸಿ ಹಚ್ಚಿದ. ಹಿಡಿ ಗಿಡ್ಡವಾದ್ದರಿಂದ ಅವನ ಹೆಬ್ಬೆರಳು ಹೋಗಿ ಅವನ ಮೂಗಿಗೇ ಕೂತಿತು. ಕತ್ತು ಹಿಂದೆ ಎಳೆದ, ಮುಂದೆ ಚಾಚಿದ, ಓರೆ ಮಾಡಿದ.

"ನಳಿಗಿ ತುದ್ಯಾಗ ಗುರಿ ಹಿಡ್ಯಾಕ ಇರೂ ಮಣಿ ಕಾಣತೈತೇನ್ರಿ?"

"ನಿಮ್ಮ ಗ್ವಾಡಿ ಕ್ಯಾಲೆಂಡರ ಕಾಣತೈತಿ. ಬಂದೂಕು ಸೊಟ್ಟ ಐತಿ ಇದು!"

"ಸೊಟ್ಟ ಇಲ್ರಿ. ಎಡಗೈಯವರಿಗೆ, ಗಿಡ್ಡ ಆಳಿಗೆ ಕೆತ್ತಿಸಿದ್ದು. ನೀವು ಹಾರಿಸಿದ್ರ ಹಂದಿಗೇನೂ ಆಗೂದಿಲ್ಲ, ನಿಮ್ಮ ಮೂಗಿಗೆ ಆಗತೈತಿ."

"ಹಿಡಿ ಬದಲಿ ಮಾಡಿಸಿದ್ರ?"

"ಮಾಡಸ್ರಿ. ಆದ್ರ ಚಿರತಿ ಹೊಡದವರ ಕೈ, ಗಲ್ಲ ಎರಡೂ ಇರೂದು ಈ ಕಟ್ಟಿಗಿ ಮ್ಯಾಲ. ಇದನ್ನ ತಗದ್ರ ಬರೇ ಕೊಳವಿ ಉಳೀತಾವ. ಅದಕ್ಕ ಚಿರತಿ ಬಂದೂಕು ಅಂತ ನಾ ಬರದು ಕೊಡೂದಿಲ್ಲ."

ಇಲ್ಲಿಯವರೆಗೆ ಎಲ್ಲ ಸರಿಯಿತ್ತು. ಅಷ್ಟರಲ್ಲಿ ಶಂಕ್ರಗೌಡ ಹುಬ್ಬು ಗಂಟಿಕ್ಕಿದ. "ಎಡಗೈಯವರಿಗೆ? ನಮ್ಮ ಅಪ್ಪಾರು ಎಡಚ ಇದ್ದಿಲ್ಲಲ್ರಿ. ಗಿಡ್ಡನೂ ಇದ್ದಿಲ್ಲ."

ನಾನು ಬಾಯಿ ತೆರೆದೆ.

"ಬಿಎಸ್ಸಿ, ಚಹಾ ಹೇಳು!" ಎಂದರು ಅಂದಾನೆಪ್ಪನವರು.

"ಈಗ ಕುಡದಿವಲ್ರಿ" ಎಂದ ಪರಸಪ್ಪ, ಕೈಯಲ್ಲಿನ್ನೂ ಕಪ್ಪು.

"ಇನ್ನೊಮ್ಮೆ ಹೇಳು!"

ಗೌಡಸಾನಿ ಬೆಂಚಿನ ಮೇಲಿಂದಲೇ ಮಗನ ಕಡೆ ತಿರುಗಿದರು. "ಶಂಕ್ರಾ, ಈ ಬಂದೂಕು ಹಾರಿಸಿದ್ದು ನೀ ಯಾವಾಗ ಕಣ್ಣೀಲೆ ನೋಡೀದಿ ಹೇಳು? ಕಪಾಟದಾಗಿಂದ ಹೊರಗ ತಗದ್ರ ಸಾಕು, ಜ್ವಾಳದ ಚೀಲದ ಹಿಂದ ಹೋಗಿ ಕಿವಿ ಮುಚ್ಚಿಕೊಂಡು ಕುಂಡ್ರತಿದ್ದಿ. ಈಗ ಬಂದು ಎಡ ಬಲ ಅಂತ ತಕರಾರ ತಗೀತೀಯೇನು?"

ಪರಸಪ್ಪ ಹೋ ಎಂದು ನಕ್ಕ. ಶಂಕ್ರಗೌಡ ಕೆಂಪಗಾಗಿ ಮಾತು ನಿಲ್ಲಿಸಿದ. ಹೇಳಿದ್ದರಲ್ಲಿ ಒಂದು ಅಕ್ಷರ ಸುಳ್ಳಿರಲಿಲ್ಲ ಎಂಬುದನ್ನು ನೀವು ಗಮನಿಸಬೇಕು. ಪರಸಪ್ಪ ಎರಡನೆಯ ಚಹಾ ಕುಡಿದು, ಮೂಗು ಸವರಿಕೊಳ್ಳುತ್ತ, "ನನಗ ಇದು ಒಗ್ಗೂದಿಲ್ರಿ" ಎಂದು ಎದ್ದುಹೋದ.

ನಾನು ಅರ್ಧ ಪುಟ ಬರೆದೆ. ನಳಿಗೆಗಳು ಸುಸ್ಥಿತಿಯಲ್ಲಿವೆ, ಹಿಡಿಯನ್ನು ಎಡಗೈ ಬಳಸುವ, ಕಡಿಮೆ ಎತ್ತರದ ವ್ಯಕ್ತಿಗಾಗಿ ನುರಿತ ಕೈಯಿಂದ ಬದಲಿಸಲಾಗಿದೆ, ಅಂಥವರ ಕೈಯಲ್ಲಿ ಇದು ಬಹಳ ಬೆಲೆಯ ಬಂದೂಕು, ಉಳಿದವರಿಗೆ ಅಷ್ಟಿಲ್ಲ. ಬರೆಯುತ್ತಿರುವಾಗಲೇ ಇನ್ನೊಂದು ವಿಷಯ ಹೊಳೆಯಿತು. ಅಷ್ಟು ದುಬಾರಿ ಬಂದೂಕನ್ನು ಬಡಿಗೇರನ ಬಳಿಗೆ ಒಯ್ದು, ಇಷ್ಟೇ ಕೊಯ್ಯಿ, ಇಲ್ಲೇ ಕೆತ್ತು ಎಂದು ಎದುರಿಗೆ ಕೂತು ಮಾಡಿಸಲು ಪರವಾನಗಿ ಇದ್ದವರೇ ಹೋಗಬೇಕು. ಗೌಡರೇ ಹೋಗಿದ್ದರು.

ಶಂಕ್ರಗೌಡ ಕಾಗದ ಓದಿ ತಲೆ ಕೆರೆದುಕೊಂಡ. "ಎಡಗೈ ಗಿರಾಕಿ ನಾ ಎಲ್ಲಿ ಹುಡಕ್ಲಿ?"

"ಹುಡಕಬ್ಯಾಡ" ಎಂದರು ಗೌಡಸಾನಿ. "ನನ್ನ ಹೆಸರಿಲೆ ಲೈಸನ್ಸ ಮಾಡಿಸು."

"ಯವ್ವಾ! ನಿನಗ ಕಣ್ಣ ಕಾಣೂದಿಲ್ಲ!"

"ಅದಕ್ಕ ತೋರಸಾಕ ಬಂದೀನಲ್ಲ. ಏಳು, ಡಾಕ್ಟರು ಹೊಂಟಹೋಗ್ತಾರ."

ಆ ಕಣ್ಣಿನ ಕಾಯಿಲೆಗೂ ಬಂದೂಕಿನ ಮಾರಾಟಕ್ಕೂ ಒಂದೇ ದಿನ ಹೇಗೆ ಗಂಟು ಬಿತ್ತು ಎಂದು ನಾನು ಕೇಳಲಿಲ್ಲ.

ಪೊರೆ ತೆಗೆಸಿದರು. ಅರ್ಜಿ ಹಾಕಿದರು. ವಿಚಾರಣೆಗೆ ಹೋದ ಪೊಲೀಸರು ಹೊಟ್ಟೆ ತುಂಬ ಉಂಡು ಒಳ್ಳೆಯದನ್ನೇ ಬರೆದರು ಎಂದು ಕೇಳಿದ್ದೇನೆ. ಗೌಡಸಾನಿಯ ಕೈಯ ಶೇಂಗಾ ಹೋಳಿಗೆ ಹಾಗಿರುತ್ತಿತ್ತು. ಕೊನೆಗೆ ಉಳಿದದ್ದು ಒಂದೇ. ಬಂದೂಕು ಹಿಡಿಯಲು ಬರುತ್ತದೆ ಎಂಬುದಕ್ಕೆ ತರಬೇತಿಯಾಗಬೇಕು, ಅದು ಹೊಸ ನಿಯಮ. ಊರ ಹೊರಗೆ ಪೊಲೀಸರು ಗುಂಡು ಹಾರಿಸುವ ಚಾಂದಮಾರಿ ಮೈದಾನಕ್ಕೆ ನಾನೇ ಆ ಬಂದೂಕನ್ನು ಒಯ್ದೆ.

ಕಲಿಸುವ ಜಮಾದಾರ ಒಳ್ಳೆಯ ಹುಡುಗ. ಮುದುಕಿಗೆ ಕಿವಿಯೂ ಕೇಳಿಸುವುದಿಲ್ಲ ಎಂದು ತಾನೇ ತೀರ್ಮಾನಿಸಿ, "ಅಜ್ಜೀ! ಇದಕ್ಕ ಟ್ರಿಗರ್ ಅಂತಾರ! ಹೆದರಬ್ಯಾಡ್ರಿ!" ಎಂದು ಒದರಿದ. ಗೌಡಸಾನಿ ಒಂದೊಂದಕ್ಕೂ "ಹೌದಾ ಯಪ್ಪಾ, ಹೌದಾ" ಎನ್ನುತ್ತ ಎಲ್ಲ ಕೇಳಿಸಿಕೊಂಡರು. ಮಣ್ಣಿನ ದಿಬ್ಬದ ಮುಂದೆ ಒಂದು ಗಡಿಗೆ ಇಟ್ಟಿದ್ದರು. ಶಂಕ್ರಗೌಡ ದೂರದಲ್ಲಿ ಬೇವಿನ ಗಿಡಕ್ಕೆ ಆತು ನಿಂತಿದ್ದ.

ಗೌಡಸಾನಿ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಕಾಡತೂಸು ತುಂಬಿದರು. ಬಂದೂಕು ಮೇಲೆದ್ದು ಎಡಭುಜಕ್ಕೆ ಹೋಗಿ ತಾನೇ ಕೂತಿತು. ಗೌಡರು ಹೋದ ಮೇಲೆ ಅರಿಷಿನ ಕಾಣದ ಆ ಎಡಗೆನ್ನೆ ಹಳದಿ ಕಲೆಯ ಮೇಲೆ, ಅಳತೆ ತೆಗೆದು ಇಟ್ಟ ಹಾಗೆ, ಹೋಗಿ ಹೊಂದಿಕೊಂಡಿತು. ಒಂದೇ ಗುಂಡು. ಗಡಿಗೆ ಇದ್ದಲ್ಲಿ ಧೂಳು.

ಜಮಾದಾರನ ಬಾಯಿ ತೆರೆದೇ ಇತ್ತು. ಬೇವಿನ ಗಿಡದ ಬುಡದಲ್ಲಿ ಕಣ್ಣು ಬಿಗಿಯಾಗಿ ಮುಚ್ಚಿ, ಎರಡೂ ಕಿವಿಯಲ್ಲಿ ಬೆರಳಿಟ್ಟು ನಿಂತಿದ್ದ ಶಂಕ್ರಗೌಡ ನಿಧಾನವಾಗಿ ಕಣ್ಣು ಬಿಟ್ಟ. ಒಡೆದ ಗಡಿಗೆ ನೋಡಿದ. ತಾಯಿಯ ಕೆನ್ನೆ ಇನ್ನೂ ಕಟ್ಟಿಗೆಯ ಮೇಲೇ ಇತ್ತು. ಹತ್ತಿರ ಬಂದು ಆ ಕೆನ್ನೆ ನೋಡಿದ, ಕಲೆ ನೋಡಿದ, ನನ್ನ ಕಡೆ ನೋಡಿದ. ನನಗೆ ಚಹಾ ಹೇಳಲು ಅಲ್ಲಿ ಅಂಗಡಿ ಇರಲಿಲ್ಲ.

"ಯವ್ವಾ... ಆ ಚಿರತಿ?"

"ಹೂಂ."

"ಮತ್ತ ಅಪ್ಪಾರು? ಅಪ್ಪಾರು ಎಲ್ಲಿದ್ರು?"

ಗೌಡಸಾನಿ ಬಂದೂಕನ್ನು ಕೀಲಿನಲ್ಲಿ ಮಡಚಿ ಖಾಲಿ ಕಾಡತೂಸು ತೆಗೆದು ನನ್ನ ಕೈಗೆ ಹಾಕಿದರು.

"ಕಂದೀಲು ಯಾರು ಹಿಡೀಬೇಕಪಾ? ಕತ್ತಲದಾಗ ಚಿರತಿ ತಾನ ಬಂದು, ಇಲ್ಲಿ ಹೊಡೀರಿ ಅಂತ ಹೇಳತೈತೇನು? ನಿಮ್ಮಪ್ಪಾರು ನನಗಿಂತ ಒಂದ ಹೆಜ್ಜಿ ಮುಂದ, ಅದರ ಮಾರಿ ಮುಂದನ, ಕಂದೀಲು ಎತ್ತಿ ಹಿಡದು ನಿಂತಿದ್ರು. ಕೈಯಾಗ ಒಂದು ಕಟ್ಟಿಗಿ ಸುದ್ದಾ ಇರಲಿಲ್ಲ. ಕಂದೀಲು ಒಂಚೂರರ ಅಲುಗಾಡಬೇಕಲ್ಲ? ಇಲ್ಲ. ಅಲುಗಾಡಿದ್ರ ನನಗ ಗುರಿ ಸಿಗತಿದ್ದಿಲ್ಲ. ಲೈಸನ್ಸ ಅವರ ಹೆಸರಿಲೆ ಇತ್ತು, ಹೊಡದದ್ದೂ ಅವರ ಹೆಸರಿಲೆ ಆತು. ಅರ್ಧ ಖರೇನ ಐತಿ."

ಶಂಕ್ರಗೌಡ ಟವೆಲಿನಿಂದ ಮುಖ ಒರೆಸಿಕೊಂಡ, ಬಹಳ ಹೊತ್ತು ಒರೆಸಿಕೊಂಡ. ಗೌಡಸಾನಿ ಮಗನ ಹೆಗಲ ಮೇಲೆ ಎಡಗೈ ಇಟ್ಟರು.

"ಕಣ್ಣು ಮಾತ್ರ ಗಟ್ಟಿ ಮುಚ್ಚಿಕೊಂಡಿದ್ರು" ಎಂದರು, "ನಿನ್ನಂಗ."